ವೆಬ್‌ಸೈಟಿಗೆ ಬಣ್ಣ: ನಾನು ಬೂದಿನಿಂದ ಶುರು ಮಾಡುತ್ತೇನೆ

ಹೊಸ ವೆಬ್‌ಸೈಟಿನ ಕೆಲಸ ಬಂದಾಗ ನಾನು ಬಣ್ಣದ ಚಕ್ರ ತೆರೆಯುವುದಿಲ್ಲ. ಇಡೀ ಪುಟವನ್ನು ಮೊದಲು ಬರೀ ಬೂದು ಬಣ್ಣದಲ್ಲಿ ಕಟ್ಟುತ್ತೇನೆ. ಹಿನ್ನೆಲೆ, ಕಾರ್ಡ್, ಗೆರೆ, ಅಕ್ಷರ, ಬಟನ್ ಎಲ್ಲವೂ ಬೂದು. ಶೀರ್ಷಿಕೆ ಯಾವುದು, ಒತ್ತಬೇಕಾದದ್ದು ಎಲ್ಲಿ ಎಂಬುದು ಈಗಲೇ ಕಣ್ಣಿಗೆ ಬೀಳದಿದ್ದರೆ, ಆಮೇಲೆ ಎಷ್ಟು ಬಣ್ಣ ಸುರಿದರೂ ಬೀಳುವುದಿಲ್ಲ. ಓದಿಸುವ ಕೆಲಸ ತಿಳಿ–ಗಾಢದ ಅಂತರದ್ದು.

ಲೆಕ್ಕಕ್ಕೆ ಎಚ್‌ಎಸ್‌ಎಲ್ ಪದ್ಧತಿ ಅನುಕೂಲ, ಏಕೆಂದರೆ ಹ್ಯೂ (ಬಣ್ಣದ ಚಕ್ರದ ಮೇಲಿನ ಕೋನ), ಸ್ಯಾಚುರೇಶನ್ (ಬಣ್ಣದ ತೀವ್ರತೆ), ಲೈಟ್‌ನೆಸ್ (0% ಎಂದರೆ ಕಪ್ಪು, 100% ಎಂದರೆ ಬಿಳಿ) ಮೂರೂ ಬೇರೆಬೇರೆಯಾಗಿ ಕೈಗೆ ಸಿಗುತ್ತವೆ. ನನ್ನ ಬೂದುಗಳ ಲೈಟ್‌ನೆಸ್ ಹೀಗಿರುತ್ತದೆ: ಪುಟ 100%, ಕಾರ್ಡ್ 96%, ಅಲಂಕಾರದ ಗೆರೆ 88%, ಇನ್‌ಪುಟ್ ಬಾಕ್ಸಿನ ಅಂಚು 55%, ದಿನಾಂಕದಂಥ ಚಿಕ್ಕಪುಟ್ಟ ಬರಹ 40%, ಮುಖ್ಯ ಬರಹ 15%. ಇದಕ್ಕಿಂತ ಹೆಚ್ಚು ಮೆಟ್ಟಿಲು ನನಗೆ ಬೇಕಾಗಿದ್ದು ಅಪರೂಪ.

ಈ ಅಂಕಿಗಳ ಹಿಂದಿರುವುದು ವೆಬ್ ಪುಟ ಎಲ್ಲರಿಗೂ ಓದಲು ಬರುವಂತಿರಬೇಕು ಎನ್ನುವ ಡಬ್ಲ್ಯೂಸಿಎಜಿ ನಿಯಮ. ಸಾಮಾನ್ಯ ಗಾತ್ರದ ಬರಹಕ್ಕೂ ಅದರ ಹಿನ್ನೆಲೆಗೂ ಕಾಂಟ್ರಾಸ್ಟ್ (ಎರಡರ ತಿಳಿ–ಗಾಢದ ಅನುಪಾತ) ಕನಿಷ್ಠ 4.5:1 ಇರಬೇಕು. 24 ಪಿಕ್ಸೆಲ್ ಅಥವಾ ಅದಕ್ಕಿಂತ ದೊಡ್ಡ ಬರಹಕ್ಕೆ, ಇನ್‌ಪುಟ್ ಅಂಚಿಗೆ, ಅರ್ಥವಿರುವ ಐಕಾನ್‌ಗಳಿಗೆ 3:1 ಸಾಕು. ಹತ್ತಿರ ಬಂದರೆ ಸಾಲದು. ಬಿಳಿಯ ಮೇಲೆ #777777 ಎಂಬ ಕೋಡಿನ ಬೂದು ಇಟ್ಟರೆ 4.48 ಬರುತ್ತದೆ, ಫೇಲ್. #767676 ಇಟ್ಟರೆ 4.54, ಪಾಸ್. ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಅಂಚಿನಲ್ಲಿ ನಿಲ್ಲುವ ಬಣ್ಣ ಆರಿಸಲೇಬಾರದು.

ಇನ್ನು ಲಿಂಕ್, ಬಟನ್ನಿಗೆ ಹಚ್ಚುವ ಮುಖ್ಯ ಬಣ್ಣ. ಒಂದೇ ಒಂದು ಹ್ಯೂ, ಉದಾಹರಣೆಗೆ 210ರ ನೀಲಿ. ಸ್ಯಾಚುರೇಶನ್ 100%, ಲೈಟ್‌ನೆಸ್ 50% ಇಟ್ಟರೆ ಪರದೆಯ ಮೇಲೆ ಮಿಂಚುತ್ತದೆ, ಆದರೆ ಬಿಳಿಯ ಮೇಲೆ ಬರೀ 3.8:1. 45%ಕ್ಕೆ ಇಳಿಸಿದರೆ 4.6, ಪಾಸಾಯಿತು. ಬಹಳ ಜನ ಎಡವುವುದು ಇಲ್ಲೇ. ಅದೇ ಲಿಂಕ್ ನಾಳೆ 96% ಬೂದು ಕಾರ್ಡಿನ ಮೇಲೂ ಬಂದು ಕೂರುತ್ತದೆ, ಅಲ್ಲಿ ಕಾಂಟ್ರಾಸ್ಟ್ 4.2ಕ್ಕೆ ಕುಸಿಯುತ್ತದೆ. ಇನ್ನೈದು ಇಳಿಸಿ 40% ಮಾಡಿದರೆ ಬಿಳಿಯ ಮೇಲೆ 5.6, ಕಾರ್ಡಿನ ಮೇಲೆ 5.1. ಹೀಗೆ ಸೈಟಿನಲ್ಲಿರುವ ಅತಿ ಗಾಢವಾದ ತಿಳಿ ಹಿನ್ನೆಲೆಯ ಮೇಲಿಟ್ಟು ಅಳೆದರೆ ಉಳಿದ ಕಡೆ ತಾನಾಗಿಯೇ ಸರಿಹೋಗುತ್ತದೆ. ಬಟನ್ ಮೇಲೆ ಮೌಸ್ ಬಂದಾಗ 35%ಕ್ಕೆ ಇಳಿಸುತ್ತೇನೆ. ತಿಳಿಯಾಗುವ ಬಟನ್ ಮೇಲಿನ ಬಿಳಿ ಅಕ್ಷರ ಒತ್ತುವ ಹೊತ್ತಿಗೇ ಮಸುಕಾಗುತ್ತದೆ.

60–30–10 ಎಂಬ ಸೂತ್ರ ಎಲ್ಲೆಡೆ ಸಿಗುತ್ತದೆ: 60% ಪ್ರಧಾನ ಬಣ್ಣ, 30% ಎರಡನೆಯದು, 10% ಎದ್ದು ಕಾಣುವ ಬಣ್ಣ. ಕೋಣೆಯ ಗೋಡೆ, ಸೋಫಾ, ದಿಂಬಿಗೆ ಸರಿ ಇರಬಹುದು, ಓದುವ ಪುಟಕ್ಕೆ ಆ ಕೊನೆಯ 10 ಕೂಡ ಜಾಸ್ತಿ. ಮುಖ್ಯ ಬಣ್ಣವನ್ನು ಒತ್ತಬಹುದಾದ ಜಾಗಕ್ಕಷ್ಟೇ ಮೀಸಲಿಡುತ್ತೇನೆ. ಶೀರ್ಷಿಕೆಗೂ ಅದೇ ನೀಲಿ ಹಚ್ಚಿದರೆ ಜನ ಶೀರ್ಷಿಕೆಯನ್ನೇ ಒತ್ತಿ ನೋಡುತ್ತಾರೆ.

ತಪ್ಪು, ಯಶಸ್ಸು ತೋರಿಸುವ ಕೆಂಪು–ಹಸಿರು ಬೇರೆ ಮಾತು. ಅಪ್ಪಟ ಕೆಂಪಿಗೆ ಬಿಳಿಯ ಮೇಲೆ 4.0 ಮಾತ್ರ ಸಿಗುತ್ತದೆ. ಹ್ಯೂ 0, ಸ್ಯಾಚುರೇಶನ್ 70%, ಲೈಟ್‌ನೆಸ್ 42% ಇಟ್ಟರೆ 6.5ರ ಹತ್ತಿರ. ಆದರೂ ಕೆಂಪು–ಹಸಿರು ಭೇದ ಕಾಣದವರಿಗೆ ಒಂದೇ ಗಾಢತೆಯ ಇವೆರಡೂ ಮಣ್ಣುಬಣ್ಣವೇ. ಹಾಗಾಗಿ ಐಕಾನ್ ಮತ್ತು 'ಇಮೇಲ್‌ನಲ್ಲಿ @ ಇಲ್ಲ' ಎಂಬಂಥ ಒಂದು ಸಾಲು ಜೊತೆಗಿರಲೇಬೇಕು. ಕ್ರೋಮ್ ಬ್ರೌಸರಿನೊಳಗೇ ಇರುವ ಡೆವ್‌ಟೂಲ್ಸ್‌ನ ರೆಂಡರಿಂಗ್ ಪ್ಯಾನೆಲಿನಲ್ಲಿ ಇಂಥ ದೃಷ್ಟಿಯನ್ನು ಅನುಕರಿಸಿ ನೋಡಬಹುದು.

ಫೋಟೋ ಮೇಲೆ ಬಿಳಿ ಬರಹ ಬೇಕೆಂದಾಗ ಫೋಟೋದ ಅತಿ ಬಿಳಿಯ ಚುಕ್ಕೆಯನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಮೇಲೆ 50% ಕಪ್ಪು ಪದರ ಹಾಸಿದರೆ ಆ ಚುಕ್ಕೆ #808080 ಆಗುತ್ತದೆ, ಬಿಳಿ ಅಕ್ಷರಕ್ಕೆ 3.9 ಸಿಗುತ್ತದೆ. 60% ಹಾಸಿದರೆ #666666, ಆಗ 5.7. ಈಗ ಯಾವ ಫೋಟೋ ಬದಲಿಸಿದರೂ ಚಿಂತೆಯಿಲ್ಲ.

ಡಾರ್ಕ್ ಮೋಡ್ ಎಂದರೆ ಬಣ್ಣಗಳನ್ನು ತಿರುಗಿಸಿ ಹಾಕುವುದಲ್ಲ. #121212 ಹಿನ್ನೆಲೆಯ ಮೇಲೆ ಆ 40% ನೀಲಿ 3.4ಕ್ಕೆ ಇಳಿದು ಫೇಲಾಗುತ್ತದೆ. ಅಲ್ಲಿ ಲೈಟ್‌ನೆಸ್ 70%, ಸ್ಯಾಚುರೇಶನ್ 80% ಮಾಡುತ್ತೇನೆ, 8.4 ಬರುತ್ತದೆ. ನೆರಳು ಕಪ್ಪಿನ ಮೇಲೆ ಕಾಣುವುದಿಲ್ಲವಾದ್ದರಿಂದ ಮೇಲೆ ಬರುವ ಕಾರ್ಡನ್ನು ಒಂದು ಮೆಟ್ಟಿಲು ತಿಳಿ ಮಾಡಬೇಕು.

ಪುಟದ ಅಲಂಕಾರ ಬರೆಯುವ ಸಿಎಸ್‌ಎಸ್ ಕೋಡಿನಲ್ಲಿ ಬಣ್ಣಗಳನ್ನು ಹಿಡಿದಿಡುವ ವೇರಿಯಬಲ್‌ಗಳಿಗೆ 'ನೀಲಿ', 'ತಿಳಿಬೂದು' ಎಂದು ಹೆಸರಿಡಬೇಡಿ. 'ಲಿಂಕ್', 'ಕಾರ್ಡ್‌ಹಿನ್ನೆಲೆ' ಎಂದು ಕೆಲಸದ ಹೆಸರಿಡಿ. ನೀಲಿ ಬೇಡ, ಕಿತ್ತಳೆ ಇರಲಿ ಎಂಬ ಮಾತು ಬಂದೇ ಬರುತ್ತದೆ. ಆಗ ಹ್ಯೂ 210 ಇದ್ದದ್ದನ್ನು 36 ಮಾಡಿದರೆ ಆಯಿತು ಅನ್ನಿಸುತ್ತದೆ, ಆಗುವುದಿಲ್ಲ. ಎಚ್‌ಎಸ್‌ಎಲ್‌ನ ಲೈಟ್‌ನೆಸ್ ಕಣ್ಣಿನ ಲೆಕ್ಕದ್ದಲ್ಲ. 50%ರ ಅಪ್ಪಟ ನೀಲಿ (ಹ್ಯೂ 240) ಬಿಳಿಯ ಮೇಲೆ 8.6 ಕೊಟ್ಟರೆ, ಅದೇ 50%ರ ಹಳದಿ 1.1 ಕೊಡುತ್ತದೆ. ಹಾಗೆಯೇ 40%ರ ಕಿತ್ತಳೆಗೆ 3.3 ಮಾತ್ರ. ಪಾಸಾಗಲು 33%ಕ್ಕೆ ಇಳಿಸಬೇಕು, ಅಷ್ಟರಲ್ಲಿ ಅದು ಕಿತ್ತಳೆಯಾಗಿ ಉಳಿದಿರದೆ ಕಂದಾಗಿರುತ್ತದೆ. ಇಂಥಲ್ಲಿ ಬಟನ್ 50%ರ ಕಿತ್ತಳೆಯಲ್ಲೇ ಇದ್ದು ಅದರ ಮೇಲೆ ಕಪ್ಪು ಅಕ್ಷರ ಬರುತ್ತದೆ, ಕಾಂಟ್ರಾಸ್ಟ್ 9.8. ಲಿಂಕಿನ ಅಕ್ಷರವನ್ನು ಮುಖ್ಯ ಬರಹದ ಬಣ್ಣದಲ್ಲೇ ಬಿಟ್ಟು, ಕಂದಿನತ್ತ ವಾಲಿದ 33%ರ ಕಿತ್ತಳೆಯನ್ನು ಎರಡು ಪಿಕ್ಸೆಲ್ ದಪ್ಪದ ಅಡಿಗೆರೆಗೆ ಹಚ್ಚುತ್ತೇನೆ.