ಸಿಂಕ್ ಕಟ್ಟದಂತೆ, ಬಚ್ಚಲು ನಿಲ್ಲದಂತೆ: ಕರಾವಳಿಯ ಮನೆಗಳಿಗೆ ಪೈಪ್ ಪಾಠ

ಮಂಗಳೂರು, ಉಡುಪಿ ಕಡೆಯ ಅಡುಗೆಮನೆಯ ಸಿಂಕ್ ಯಾಕೆ ಕಟ್ಟುತ್ತದೆ ಎಂದು ತಿಳಿಯಬೇಕಾದರೆ ಅದರ ಟ್ರ್ಯಾಪ್ (ಸಿಂಕಿನ ಕೆಳಗೆ ಸ್ವಲ್ಪ ನೀರು ಸದಾ ನಿಲ್ಲುವ ಭಾಗ) ಬಿಚ್ಚಿ ತಳ ನೋಡಿದರೆ ಸಾಕು. ಬೂದು ಬಣ್ಣದ ಲೋಳೆ, ಅದರೊಳಗೆ ಕಾಯಿತುರಿಯ ಚೂರು, ಕುಚ್ಚಲಕ್ಕಿಯ ಅಗುಳು, ಒಗ್ಗರಣೆಯ ಸಾಸಿವೆ, ಕರಿಬೇವಿನ ದಂಟು. ಮೀನು ತಿನ್ನುವ ಮನೆಯಾದರೆ ನಾಲ್ಕು ಹುರುಪೆಯೂ ಇರುತ್ತದೆ. ಇವುಗಳಲ್ಲಿ ಯಾವುದೂ ಒಂದೇ ದಿನದಲ್ಲಿ ಪೈಪ್ ಮುಚ್ಚುವುದಿಲ್ಲ. ಎಣ್ಣೆ ಅಂಟಾಗುತ್ತದೆ, ಗಂಜಿ ಪದರ ಕಟ್ಟುತ್ತದೆ, ತುರಿ ಅದರ ಮೇಲೆ ಕೂರುತ್ತದೆ. ಆರು ತಿಂಗಳಲ್ಲಿ ಒಂದೂವರೆ ಇಂಚಿನ ಪೈಪಿನಲ್ಲಿ ಬೆರಳು ತೂರುವಷ್ಟು ದಾರಿ ಮಾತ್ರ ಉಳಿಯುತ್ತದೆ. ಆದ್ದರಿಂದ ಪೈಪಿನ ಕೆಲಸ ಪೈಪಿನಲ್ಲಲ್ಲ, ಸಿಂಕಿನ ಬಾಯಿಯಲ್ಲೇ ಶುರುವಾಗಬೇಕು.

ಮೊದಲು ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಕಪಾಟಿನ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಆಗ ಸಿಂಕಿನ ಕೆಳಗಿನ ಪೈಪಿನೊಳಗೂ ಅದೇ ನಡೆಯುತ್ತಿರುತ್ತದೆ. ಉಳಿದ ತಿಂಗಳಲ್ಲಿ ಎಣ್ಣೆ ಹರಿಯುತ್ತದಾದರೂ ಪೈಪಿನ ಗೋಡೆಗೆ ಜಿಡ್ಡು ಬಿಟ್ಟೇ ಹೋಗುತ್ತದೆ. ಬಂಗುಡೆ ಹುರಿದ ಕಾವಲಿ, ಒಗ್ಗರಣೆ ಸೌಟು, ಹಪ್ಪಳ ಕರಿದ ಬಾಣಲೆ ಇವನ್ನೆಲ್ಲ ನೀರಿಗೆ ಹಿಡಿಯುವ ಮೊದಲು ಹಳೆಯ ಪೇಪರಿನಲ್ಲಿ ಒಮ್ಮೆ ಒರೆಸಿ. ಬಾಳೆ ಎಲೆಯ ತುಂಡಾದರೂ ಆಗುತ್ತದೆ. ಇಷ್ಟೇ ಮಾಡಿದರೂ ಪೈಪಿಗಿಳಿಯುವ ಜಿಡ್ಡು ಬಹುಪಾಲು ನಿಲ್ಲುತ್ತದೆ. ಬಳಸಿ ಉಳಿದ ಕರಿದೆಣ್ಣೆಯನ್ನು ಎಂದೂ ಸಿಂಕಿಗೆ ಸುರಿಯಬೇಡಿ, ಡಬ್ಬಿಯಲ್ಲಿ ತುಂಬಿ ಕಸಕ್ಕೆ ಕೊಡಿ.

ಗಂಜಿ ತಿಳಿಯನ್ನು ಬಿಸಿಯಿದ್ದಾಗಲೇ ಸಿಂಕಿಗೆ ಬಗ್ಗಿಸುವವರು ಹಲವರು. ಬಿಸಿಯಲ್ಲಿ ಅದು ನೀರಿನಂತೆ ಇಳಿಯುತ್ತದೆ, ಟ್ರ್ಯಾಪಿನಲ್ಲಿ ತಣಿದ ಮೇಲೆ ಅಂಟು. ಕುಡಿಯಿರಿ, ಹಟ್ಟಿಯಲ್ಲಿ ದನವಿದ್ದರೆ ಅದಕ್ಕೆ ಕೊಡಿ, ಹತ್ತಿ ಸೀರೆಗೆ ಹಾಕಿ, ನೀರು ಬೆರೆಸಿ ಬಸಳೆಯ ಬುಡಕ್ಕೆ ಎರೆಯಿರಿ. ಮಸಾಲೆ ಕಡೆದ ಮಿಕ್ಸಿ ಜಾರಿನ ಮೊದಲ ತೊಳೆದ ನೀರು ಸಾರಿಗೇ ಹೋಗಲಿ; ಹಿರಿಯರು ರುಚಿಗೆಂದು ಮಾಡುತ್ತಿದ್ದದ್ದು ಪೈಪಿಗೂ ಒಳ್ಳೆಯದು. ದೋಸೆ ಹಿಟ್ಟಿನ ಪಾತ್ರೆಯ ಮೊದಲ ನೀರನ್ನು ಗಿಡಕ್ಕೆ ಚೆಲ್ಲಿ. ಮೀನನ್ನು ಆದಷ್ಟು ಹೊರಗಿನ ಕಲ್ಲಿನ ಮೇಲೆ ತಿದ್ದಿ, ತೊಳೆದ ನೀರು ತೆಂಗಿನ ಬುಡ ಸೇರಲಿ. ಬೂತಾಯಿಯ ಹುರುಪೆ ನೀರಿನಲ್ಲಿ ಎಷ್ಟು ದಿನ ಇದ್ದರೂ ಕರಗುವುದಿಲ್ಲ, ಪೈಪಿನ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಹಲಸು ಕೊಯ್ದ ಕತ್ತಿಯ ಮೇಣ ಇನ್ನೂ ಹಠಮಾರಿ. ಎಣ್ಣೆ ಹಚ್ಚಿದ ಪೇಪರಿನಲ್ಲಿ ಪೂರ್ತಿ ಒರೆಸಿ ತೆಗೆಯದೆ ಆ ಕತ್ತಿಯನ್ನು ಸಿಂಕಿನ ಹತ್ತಿರ ತರಬೇಡಿ.

ಸಿಂಕಿನ ಬಾಯಿಗೆ ಬರುವ ದೊಡ್ಡ ತೂತಿನ ಜಾಲಿ ಕಾಯಿತುರಿಯನ್ನು ತಡೆಯುವುದಿಲ್ಲ. ಟೀ ಸೋಸುವ ಜಾಲರಿಯಷ್ಟು ಸಣ್ಣ ಕಣ್ಣಿನ ಸ್ಟೀಲ್ ಬುಟ್ಟಿ ಸಿಗುತ್ತದೆ, ಅದನ್ನು ಇಡಿ. ಅದು ಬೇಗ ತುಂಬುತ್ತದೆ ಎಂದು ಬೇಸರಪಟ್ಟು ಎತ್ತಿಡುವವರಿದ್ದಾರೆ. ಬೇಗ ತುಂಬುವುದೇ ಅದರ ಕೆಲಸ.

ವಾರಕ್ಕೊಮ್ಮೆ

ಬಟ್ಟೆಗೆ ಬಳಸುವ ವಾಷಿಂಗ್ ಸೋಡ 100 ಗ್ರಾಂ ತೆಗೆದುಕೊಳ್ಳಿ. ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ರಾತ್ರಿ ಎಲ್ಲ ಪಾತ್ರೆ ತೊಳೆದಾದ ಮೇಲೆ ಸಿಂಕಿಗೆ ನಿಧಾನ ಸುರಿಯಿರಿ. ಕೈಗೆ ತಾಗಿಸಬೇಡಿ, ಚರ್ಮ ಉರಿಯುತ್ತದೆ. ಅರ್ಧ ಗಂಟೆ ಬಿಟ್ಟು ಅರ್ಧ ಬಕೆಟ್ ಬಿಸಿನೀರನ್ನು ಒಂದೇ ಸಲಕ್ಕೆ ಬಿಡಿ. ಕುದಿಯುವ ನೀರು ಬೇಡ: ಪಿವಿಸಿ ಪೈಪ್ 60 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ, ಜೋಡಣೆಗಳು ಸಡಿಲವಾಗುತ್ತವೆ. ಥರ್ಮಾಮೀಟರ್ ಬೇಕಿಲ್ಲ. ಕುದಿವ ನೀರಿಗೆ ಅಷ್ಟೇ ಅಳತೆಯ, ಇನ್ನೂ ತುಸು ಹೆಚ್ಚೇ ನಳ್ಳಿ ನೀರು ಬೆರೆಸಿದರೆ ಲೆಕ್ಕ ಸರಿಯಾಗುತ್ತದೆ.

ಅಡುಗೆ ಸೋಡ ಮತ್ತು ವಿನೆಗರ್ ಸುರಿದರೆ ನೊರೆ ಉಕ್ಕುತ್ತದೆ, ನೋಡಲು ಚೆಂದ. ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದನ್ನೊಂದು ಕೊಂದು ಉಳಿಯುವುದು ಬಹುಮಟ್ಟಿಗೆ ಉಪ್ಪು ನೀರು. ಜಿಡ್ಡಿನ ಮೇಲೆ ಅದರ ಆಟ ನಡೆಯದು.

ಕಟ್ಟಿಯೇ ಬಿಟ್ಟಿದ್ದರೆ

ಕೈ ಹಾಕುವ ಮೊದಲು ಎಲ್ಲಿ ಕಟ್ಟಿದೆ ಎಂದು ನೋಡಿ. ಸಿಂಕ್ ಒಂದೇ ನಿಧಾನವಾದರೆ ತೊಂದರೆ ಟ್ರ್ಯಾಪಿನಲ್ಲಿ. ಸಿಂಕ್, ಬಚ್ಚಲು ಎರಡೂ ನಿಂತಿದ್ದರೆ ಅಂಗಳದ ಚೇಂಬರಿನ, ಅಂದರೆ ಪೈಪುಗಳು ಬಂದು ಸೇರುವ ಗುಂಡಿಯ, ಮುಚ್ಚಳ ಎತ್ತಿ. ಚೇಂಬರ್ ತುಂಬಿದ್ದರೆ ಬ್ಲಾಕ್ ಅದರಿಂದ ಆಚೆ, ಖಾಲಿಯಿದ್ದರೆ ಮನೆಗೂ ಚೇಂಬರಿಗೂ ನಡುವೆ. ಫ್ಲ್ಯಾಟಿನಲ್ಲಿ ಮೇಲಿನವರು ಬಟ್ಟೆ ಒಗೆಯುವಾಗ ನಿಮ್ಮ ಬಚ್ಚಲಿನಲ್ಲಿ ನೀರು ಉಕ್ಕಿದರೆ ಅದು ಕಟ್ಟಡದ ದೊಡ್ಡ ಪೈಪಿನ ವಿಷಯ. ನಿಮ್ಮ ಟ್ರ್ಯಾಪನ್ನು ಎಷ್ಟು ಸಲ ಬಿಚ್ಚಿದರೂ ಪ್ರಯೋಜನವಿಲ್ಲ, ಅಸೋಸಿಯೇಷನ್‌ಗೆ ಹೇಳಿ.

ಸಿಂಕಿಗೆ ಮೊದಲು ರಬ್ಬರ್ ಪಂಪ್ (ಹಿಡಿಕೆಯಿರುವ ಪ್ಲಂಜರ್). ಸಿಂಕಿನಲ್ಲಿ ಎರಡು ಇಂಚು ನೀರು ನಿಂತಿರಲಿ, ರಬ್ಬರಿನ ಬಾಯಿ ಪೂರ್ತಿ ಮುಳುಗಬೇಕು. ಸಿಂಕಿನ ಮೇಲ್ಭಾಗದ ಓವರ್‌ಫ್ಲೋ ತೂತಿಗೆ ಒದ್ದೆ ಬಟ್ಟೆ ತುರುಕಿ, ಇಲ್ಲದಿದ್ದರೆ ಒತ್ತಡವೆಲ್ಲ ಅಲ್ಲಿಂದ ಹೊರಹೋಗುತ್ತದೆ. ಜೋಡಿ ಸಿಂಕ್ ಆದರೆ ಇನ್ನೊಂದರ ಬಾಯಿಯನ್ನೂ ಮುಚ್ಚಿ. ಹದಿನೈದಿಪ್ಪತ್ತು ಸಲ ಒತ್ತಿ ಎಳೆಯಿರಿ. ಒತ್ತುವುದಕ್ಕಿಂತ ಎಳೆಯುವುದರಲ್ಲೇ ಹೆಚ್ಚು ಬಲವಿರಲಿ: ಒತ್ತಿದರೆ ಕಸ ಇನ್ನಷ್ಟು ಒಳಗೆ ಬಿಗಿಯಾಗುತ್ತದೆ, ಎಳೆದರೆ ಸಡಿಲವಾಗುತ್ತದೆ.

ಆಗಲಿಲ್ಲವೆಂದರೆ ಟ್ರ್ಯಾಪ್ ಬಿಚ್ಚಿ. ಇದಕ್ಕೆ ಪ್ಲಂಬರ್ ಬೇಕಿಲ್ಲ. ಕೆಳಗೆ ಬಕೆಟ್ ಇಟ್ಟು ಬಾಟಲಿ ಆಕಾರದ ಟ್ರ್ಯಾಪಿನ ತಳದ ಬಟ್ಟಲನ್ನು ಕೆಳಗಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ಕೈಯಿಂದ ತಿರುಗಿಸಿ. ಹಳೆಯ ಟೂತ್‌ಬ್ರಷ್, ಸಾಬೂನಿನಲ್ಲಿ ತಿಕ್ಕಿ. ಒಳಗೆ ಇಳಿದಿರುವ ಕೊಳವೆಯ ತುದಿಯನ್ನೂ ಬೆರಳು ಹಾಕಿ ನೋಡಿ, ಜಿಡ್ಡು ಹೆಚ್ಚಾಗಿ ಅಲ್ಲೇ ಇರುತ್ತದೆ. ತಿರುಗಿ ಹಾಕುವಾಗ ರಬ್ಬರ್ ವಾಷರ್ ಮಡಿಚದೆ ಸಮನಾಗಿ ಕೂತಿದೆಯೇ ನೋಡಿಕೊಳ್ಳಿ. ಬಿರುಕು ಬಿಟ್ಟಿದ್ದರೆ ಬದಲಿಸಿ. ಬಿಗಿ ಮಾಡಲು ಕೈಯೇ ಸಾಕು. ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ಮರೆ (ತಿರುಪಿನ ಗೆರೆ) ಸೀಳಿ, ಬ್ಲಾಕ್ ಹೋಗಿ ಸೋರಿಕೆ ಬರುತ್ತದೆ. ಕೊನೆಗೆ ಸಿಂಕ್ ತುಂಬ ನೀರು ಹಿಡಿದು ಒಮ್ಮೆಲೇ ಬಿಡಿ, ಜೋಡಣೆಯ ಸುತ್ತ ಒಣ ಪೇಪರ್ ಒತ್ತಿ ನೋಡಿ.

ನಮ್ಮ ಎಷ್ಟೋ ಮನೆಗಳಲ್ಲಿ ಟ್ರ್ಯಾಪೇ ಇರುವುದಿಲ್ಲ. ಸಿಂಕಿನಿಂದ ಸುಕ್ಕು ಸುಕ್ಕಾದ ಫ್ಲೆಕ್ಸಿಬಲ್ ಪೈಪ್ ನೇರ ನೆಲದ ತೂತಿಗೆ ಇಳಿದಿರುತ್ತದೆ. ಆ ಪ್ರತಿ ಸುಕ್ಕಿನಲ್ಲೂ ತುರಿ ಕೂರುತ್ತದೆ, ಜಿರಲೆ ಮತ್ತು ವಾಸನೆ ಅದೇ ದಾರಿಯಲ್ಲಿ ಮೇಲೆ ಬರುತ್ತವೆ. ಒಳಗೆ ನುಣುಪಾದ ಒಂದೂವರೆ ಇಂಚಿನ ಪಿವಿಸಿ ಪೈಪಿಗೆ ಪಿ ಟ್ರ್ಯಾಪ್ ಸೇರಿಸಿ ಹಾಕಿಸಿ. ಬಗ್ಗಿದ ಕಡೆ ನಿಲ್ಲುವ ಎರಡು ಇಂಚು ನೀರು ಚರಂಡಿಯ ಗಾಳಿಯನ್ನು ತಡೆಯುತ್ತದೆ.

ಬ್ಲಾಕ್ ಗೋಡೆಯ ಒಳಗಿದ್ದರೆ ಹಾರ್ಡ್‌ವೇರ್ ಅಂಗಡಿಯ ಸ್ಪ್ರಿಂಗ್ ವೈರ್, ಐದು ಮೀಟರಿನದ್ದು, ಸಾಕಾಗುತ್ತದೆ. ಟ್ರ್ಯಾಪ್ ಬಿಚ್ಚಿ ಗೋಡೆಯ ಪೈಪಿನಿಂದಲೇ ತೂರಿಸಿ, ತಿರುಗಿಸುತ್ತ ಮುಂದೆ ತಳ್ಳಿ. ತಡೆ ಸಿಕ್ಕಲ್ಲಿ ಚುಚ್ಚಬೇಡಿ, ತಿರುಗಿಸುತ್ತಲೇ ಹಿಂದಕ್ಕೆ ಎಳೆದರೆ ಕಸ ಸುತ್ತಿಕೊಂಡು ಬರುತ್ತದೆ. ಚೇಂಬರಿನಿಂದ ಚೇಂಬರಿಗೆ ಹೋಗುವ ನೇರ ನಾಲ್ಕಿಂಚಿನ ಪೈಪಿಗೆ ಉದ್ದನೆಯ ಬಿದಿರಿನ ಸೀಳು ಒಳ್ಳೆಯದು. ಅದು ಬಾಗುತ್ತದೆ, ಪೈಪಿಗೆ ಗಾಯ ಮಾಡುವುದಿಲ್ಲ. ಕಬ್ಬಿಣದ ಸರಳು ಪಿವಿಸಿಯ ಬಾಗಿನಲ್ಲಿ ತೂತು ಕೊರೆಯುತ್ತದೆ.

ಅದೇ ಜಾಗದಲ್ಲಿ ಮತ್ತೆ ಮತ್ತೆ ಕಟ್ಟುತ್ತಿದ್ದರೆ ಇಳಿಜಾರು ತಪ್ಪಿರಬಹುದು. ನಾಲ್ಕಿಂಚಿನ ಪೈಪಿಗೆ 10 ಅಡಿಗೆ 3 ಇಂಚಿನಷ್ಟು ಇಳಿಜಾರು ಹಿತ. ಕಡಿಮೆಯಾದರೆ ನೀರು ನಿಲ್ಲುತ್ತದೆ. ತೀರಾ ಹೆಚ್ಚಾದರೆ ನೀರು ಓಡಿಹೋಗಿ ಕಸ ಹಿಂದುಳಿಯುತ್ತದೆ. ಹಳೆಯ ಮನೆಗಳಲ್ಲಿ ಜೋಡಣೆಯ ಬಿರುಕಿನಿಂದ ತೆಂಗಿನ ಬೇರು ನುಗ್ಗಿ ಬಲೆ ಕಟ್ಟಿರುವುದೂ ಉಂಟು. ಬೇರು ಕತ್ತರಿಸಿದರೆ ಸಾಲದು, ಆ ಜೋಡಣೆಯನ್ನು ಸರಿಮಾಡಿಸಲೇಬೇಕು.

ಪುಡಿ, ಆ್ಯಸಿಡ್ ಬಗ್ಗೆ ಎಚ್ಚರ

ಅಂಗಡಿಯ ಡ್ರೈನ್ ಕ್ಲೀನರ್ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಕಾಸ್ಟಿಕ್ ಸೋಡ. ಪೂರ್ತಿ ಕಟ್ಟಿದ ಪೈಪಿಗೆ ಅದನ್ನು ಸುರಿದರೆ ಮುಂದಕ್ಕೆ ಹೋಗದೆ ಅಲ್ಲೇ ಬಿಸಿಯೇರುತ್ತದೆ, ಕೆಲವೊಮ್ಮೆ ಜಿಡ್ಡಿನೊಂದಿಗೆ ಸೇರಿ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಆಮೇಲೆ ಟ್ರ್ಯಾಪ್ ಬಿಚ್ಚುವವರ ಕೈ, ಕಣ್ಣಿಗೆ ಅಪಾಯ. ಸುರಿದಿದ್ದರೆ ಪ್ಲಂಬರಿಗೆ ಮುಂಚೆಯೇ ಹೇಳಿ. ಟಾಯ್ಲೆಟ್ ಕ್ಲೀನರಿನ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ತೂತಿಗೆ ಹಾಕಲೇಬೇಡಿ. ಕ್ಲೋರಿನ್ ಅನಿಲ ಹೊರಡುತ್ತದೆ, ಸಣ್ಣ ಬಚ್ಚಲಿನಲ್ಲಿ ಅದು ಜೀವಕ್ಕೇ ಕುತ್ತು. ಕಾಸ್ಟಿಕ್ ಹಾಕಿದ ಕಡೆ ಆ್ಯಸಿಡ್ ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ.

ಬಚ್ಚಲು

ಬಚ್ಚಲಿನ ನಾಹಣಿ ಟ್ರ್ಯಾಪಿನ (ನೆಲದ ನೀರು ಇಳಿಯುವ ತೂತಿನ) ಜಾಲಿ ಎತ್ತಿದರೆ ಒಳಗೊಂದು ಬಟ್ಟಲು ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಅದನ್ನು ಎತ್ತಿ ಕೂದಲು, ಸಾಬೂನಿನ ಲೋಳೆ ತೆಗೆಯಿರಿ. ಎಣ್ಣೆ ಸ್ನಾನದ ಮರುದಿನ ತಪ್ಪದೆ ಮಾಡಿ. ನೀರು ಬೇಗ ಹೋಗಲೆಂದು ಆ ಬಟ್ಟಲನ್ನೇ ಕಿತ್ತೆಸೆಯುವವರಿದ್ದಾರೆ. ಆಮೇಲೆ ವಾಸನೆ ಬರುತ್ತದೆ ಎಂದು ಫಿನಾಯಿಲ್ ಸುರಿಯುತ್ತಾರೆ. ಬಟ್ಟಲು ತಿರುಗಿ ಇಟ್ಟರೆ ವಾಸನೆ ತಾನಾಗಿ ನಿಲ್ಲುತ್ತದೆ. ಒಲೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವ ಮನೆಗಳಲ್ಲಿ ಬೂದಿ ಬಚ್ಚಲಿಗೆ ಬೀಳದಂತೆ ನೋಡಿ, ಸಾಬೂನಿನ ಲೋಳೆಯೊಂದಿಗೆ ಸೇರಿ ಪೈಪಿನ ಬಾಗಿನಲ್ಲಿ ಕೆಸರಾಗಿ ಕೂರುತ್ತದೆ.

ಮನೆ ಬೀಗ ಹಾಕಿ ಮುಂಬಯಿಗೋ ಗಲ್ಫಿಗೋ ಹೋಗುವವರು ಹೊರಡುವಾಗ ಪ್ರತಿ ಟ್ರ್ಯಾಪಿಗೆ ಎರಡು ಚೊಂಬು ನೀರು ಹಾಕಿ, ಮೇಲೆ ಎರಡು ಚಮಚ ಸೂರ್ಯಕಾಂತಿ ಎಣ್ಣೆ ಬಿಡಿ. ನೀರು ಬೇಗ ಆರುವುದಿಲ್ಲ.

ಮಳೆಗಾಲಕ್ಕೆ ಮುಂಚೆ

ಪತ್ತನಾಜೆಯ (ಮೇ ಕೊನೆಯ ವಾರದ) ಹೊತ್ತಿಗೆ ಅಂಗಳದ ಎಲ್ಲ ಚೇಂಬರ್ ತೆರೆದು ಹೂಳು ಎತ್ತಿಸಿ. ಟೆರೇಸಿನ ತೂತುಗಳಿಗೆ ಗುಮ್ಮಟದಂತೆ ಎದ್ದಿರುವ ಜಾಲಿ ಇರಲಿ. ಚಪ್ಪಟೆ ಜಾಲಿಯನ್ನು ಒಂದೇ ಮಾವಿನೆಲೆ ಮುಚ್ಚುತ್ತದೆ. ಹಂಚಿನ ಮಾಡಿನ ಮಳೆನೀರು ಹರಿಯುವ ದಂಬೆಯಲ್ಲಿ ತೆಂಗಿನ ಹೂ, ತರಗೆಲೆ ತುಂಬಿರುತ್ತದೆ, ತೆಗೆಸಿ. ಮಾಡಿನ ನೀರನ್ನು ಒಳಚರಂಡಿಯ ಚೇಂಬರಿಗೆ ಜೋಡಿಸಿದ್ದರೆ ಇಂದೇ ಬೇರೆ ಮಾಡಿಸಿ. ಆ ಪೈಪ್ ಲೆಕ್ಕ ಹಾಕಿರುವುದು ಮನೆಯ ಬಳಕೆ ನೀರಿಗೆ. ಜುಲೈ ಮಳೆ ಅದರೊಳಗೆ ನುಗ್ಗಿದರೆ ತಗ್ಗಿನಲ್ಲಿರುವ ನೆರೆಮನೆಯ ಬಚ್ಚಲಿನಲ್ಲಿ ಕೊಳಚೆ ಉಕ್ಕುತ್ತದೆ.

ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು, ಅದೂ ಏಪ್ರಿಲ್, ಮೇಯಲ್ಲಿ. ಮಳೆಗಾಲದಲ್ಲಿ ಬಾವಿಯ ನೀರು ಮೇಲೆ ಬಂದಿರುತ್ತದೆ, ಇಂಗುಗುಂಡಿ ನೀರು ಹೀರುವುದಿಲ್ಲ. ಆಗ ಫ್ಲಶ್ ನಿಧಾನವಾದರೆ ಪೈಪಿನಲ್ಲಿ ಬ್ಲಾಕ್ ಹುಡುಕಿ ಪ್ರಯೋಜನವಿಲ್ಲ, ಖಾಲಿ ಮಾಡಿಸಿದ ಟ್ಯಾಂಕ್ ಕೂಡ ಬೇಗನೆ ತುಂಬಿಕೊಳ್ಳಬಹುದು. ಸಕ್ಕಿಂಗ್ ಯಂತ್ರದ ಗಾಡಿಯನ್ನೇ ಕರೆಸಿ. ಯಾರನ್ನೂ ಒಳಗೆ ಇಳಿಸಬೇಡಿ: ಒಳಗಿನ ಅನಿಲ ಕ್ಷಣದಲ್ಲಿ ಎಚ್ಚರ ತಪ್ಪಿಸುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನ ಪ್ರಕಾರ ಹಾಗೆ ಇಳಿಸುವುದು ಅಪರಾಧ. ಕೆಲಸ ಮುಗಿದ ಮೇಲೆ ಮುಚ್ಚಳದ ಸುತ್ತಲಿನ ಸಂದಿಗೆ ಸಿಮೆಂಟ್ ಮೆತ್ತಿಸಿ, ಗಾಳಿ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ನೈಲಾನ್ ಬಟ್ಟೆ ಕಟ್ಟಿ. ರಬ್ಬರ್ ಬ್ಯಾಂಡ್ ಬಿಸಿಲಿಗೆ ಹರಿದುಹೋಗುತ್ತದೆ, ತಂತಿಯಲ್ಲಿ ಬಿಗಿಯಿರಿ.