ಜೀಪಿನ ಸೀಲ್ ಮೂರನೇ ಸಲ ಬದಲಿಸುವ ಮುಂಚೆ

ಕಾಫಿ ತೋಟದ ಹಳೆ ಜೀಪ್ ನಿಂತಿದ್ದರೆ ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟಿರುತ್ತಾರೆ. ಕೇಳಿದರೆ, "ಹ್ಯಾಂಡ್ ಬ್ರೇಕ್ ಹಿಡಿಯಲ್ಲ ಸಾರ್" ಅಂತಾರೆ. ಬಗ್ಗಿ ನೋಡಿದರೆ ಬ್ರೇಕ್ ಡ್ರಮ್ಮಿನ ಬುಡದಲ್ಲಿ ಆಯಿಲ್ ತೊಟ್ಟಿಕ್ಕುತ್ತಿರುತ್ತದೆ. ಈ ಜೀಪುಗಳ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಗೇರ್ ಬಾಕ್ಸಿನಿಂದ ಬರುವ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ. ಅಲ್ಲಿನ ಸೀಲ್, ಅಂದರೆ ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ತುಟಿಯ ಬಳೆ ಹೋದರೆ, ಗೇರ್ ಆಯಿಲ್ ನೇರ ಬ್ರೇಕ್ ಶೂ ಮೇಲೆ ಬೀಳುತ್ತದೆ. 1941ರ ವಿಲ್ಲಿಸ್ ಎಂಬಿಯಲ್ಲೂ 1953ರ ಸಿಜೆ-3ಬಿಯಲ್ಲೂ ಇರುವುದು ಇದೇ ಸ್ಪೈಸರ್ ಮಾಡೆಲ್ 18 ಟ್ರಾನ್ಸ್‌ಫರ್ ಕೇಸ್.

ಸೀಲ್ ತರುವ ಮುಂಚೆ ಕೇಸಿನ ಗಾಳಿಕಿಂಡಿ, ಅಂದರೆ ಬ್ರೀದರ್ ನೋಡಿ. ಅದು ಕೆಸರಿನಿಂದ ಮುಚ್ಚಿದ್ದರೆ, ಬಿಸಿಯಾದ ಗಾಳಿ ಹೊರಹೋಗಲು ದಾರಿಯಿಲ್ಲದೆ ಆಯಿಲನ್ನು ಸೀಲಿನ ಮೂಲಕ ತಳ್ಳುತ್ತದೆ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಇನ್ನು ಎಲ್ಲರೂ ಮರೆಯುವ ವಿಷಯ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನು ಹಿಡಿಯುವುದು ಕೇಸಿನಿಂದ ಅಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಮೂಲಕ. ಆ ಶಾಫ್ಟ್ ಬಿಚ್ಚಿದ ಕ್ಷಣ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲ. ಟು ವೀಲ್ ಡ್ರೈವ್‌ನಲ್ಲಿದ್ದರೆ ಗೇರಿಗೆ ಹಾಕಿಟ್ಟರೂ ಗಾಡಿ ಉರುಳುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ಮಾತ್ರ ಕೆಳಗೆ ನುಗ್ಗಿ.

ಆಯಿಲ್ ಇಳಿಸಿ. ಶಾಫ್ಟಿಗೂ ಅದು ಕೇಸಿನ ಕಡೆ ಕೂರುವ ಕವಲಿಗೂ (ಯೋಕ್) ಒಂದು ಗುರುತು ಹಾಕಿ ಬಿಚ್ಚಿ. ಶಾಫ್ಟಿನ ತುದಿಯ ಕ್ರಾಸಿನ ಬಟ್ಟಲುಗಳಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಸೂಜಿ ರೋಲರ್‌ಗಳನ್ನು ಮಣ್ಣಿನಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

ಯೋಕಿನ ಮಧ್ಯದ ದೊಡ್ಡ ನಟ್ ಬಿಚ್ಚಲು ಕೆಲವರು ಉಳಿ, ಸುತ್ತಿಗೆ ತರುತ್ತಾರೆ. ಬೇಡ. ಸ್ಪ್ಲಿಟ್ ಪಿನ್ ಎಳೆದು, ಹ್ಯಾಂಡ್ ಬ್ರೇಕ್ ಜಗ್ಗಿ. ಶೂ ಪೂರ್ತಿ ನೆಂದಿಲ್ಲದಿದ್ದರೆ ಡ್ರಮ್ ಅಲ್ಲಾಡುವುದಿಲ್ಲ, ಉದ್ದನೆ ಹಿಡಿಯ ಬಾಕ್ಸ್ ಸ್ಪ್ಯಾನರ್ ಸಾಕು. ನಟ್ ಬಂದ ಮೇಲೆ ಬ್ರೇಕ್ ಸಡಿಲಿಸಿ, ಪುಲ್ಲರ್ ಹಾಕಿ ಡ್ರಮ್ ಸಮೇತ ಯೋಕನ್ನು ಎಳೆಯಿರಿ. ಹಳೆ ಸೀಲಿನ ತಗಡಿಗೆ ಗ್ರೀಸ್ ಹಚ್ಚಿದ ಬಿಟ್ಟಿನಿಂದ ಎರಡು ಸಣ್ಣ ತೂತು ಕೊರೆದು, ಸ್ಕ್ರೂ ತಿರುಗಿಸಿ, ಇಕ್ಕಳದಲ್ಲಿ ಹೊರಗೆಳೆಯಿರಿ. ಬೇರಿಂಗ್ ಕ್ಯಾಪ್ ಬಿಚ್ಚಬೇಕಾಗಿ ಬಂದರೆ ಒಳಗಿನ ತೆಳು ತಗಡುಗಳನ್ನು (ಶಿಮ್) ಒಂದೂ ಬಿಡದೆ ಎತ್ತಿಡಿ. ಶಾಫ್ಟ್ ಹಿಂದೆ ಮುಂದೆ ಆಡುವ ಆಟ 0.10ರಿಂದ 0.20 ಮಿಲಿಮೀಟರ್ ಒಳಗಿರುವುದು ಆ ತಗಡುಗಳಿಂದಲೇ.

ಈಗ ಯೋಕನ್ನು ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಹೊಸ ಸೀಲ್ ಹಾಕಿದರೂ ವಾರದಲ್ಲಿ ಮತ್ತೆ ಸೋರುವುದು ಇಲ್ಲಿಯ ತಪ್ಪಿನಿಂದ. ಸೀಲಿನ ತುಟಿ ವರ್ಷಗಟ್ಟಲೆ ಉಜ್ಜಿ ಯೋಕಿನ ಮೇಲೆ ಒಂದು ಗೀರು ತೋಡಿರುತ್ತದೆ. ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಎಂಥ ಸೀಲ್ ಹಾಕಿದರೂ ದಂಡ. ಗೀರು ಸಣ್ಣದಿದ್ದರೆ ಹೊಸ ಸೀಲನ್ನು ಒಂದೂವರೆ ಮಿಲಿಮೀಟರ್ ಹೊರಗೆ ಕೂರಿಸಿದರೆ ತುಟಿ ಹೊಸ ಜಾಗದಲ್ಲಿ ಓಡುತ್ತದೆ. ಆಳವಿದ್ದರೆ ಲೇತ್‌ನವರ ಹತ್ತಿರ ಯೋಕಿನ ಮೈ ಕಡೆಸಿ, ಮೇಲೆ ಬುಷ್ ಒತ್ತಿಸಿ, ಮೊದಲಿನ ಅಳತೆಗೇ ಉಜ್ಜಿಸಿ. ಹೊಸ ಯೋಕ್ ಸಿಕ್ಕರೆ ನಾನಂತೂ ಯೋಚನೆ ಮಾಡದೆ ಅದನ್ನೇ ಹಾಕುತ್ತೇನೆ. ಎಮರಿ ಪೇಪರನ್ನು ಉದ್ದಕ್ಕೆ ಎಳೆಯಬೇಡಿ. ಆ ಗೆರೆಗಳೇ ಆಯಿಲಿಗೆ ಕಾಲುವೆಯಾಗುತ್ತವೆ. ಉಜ್ಜುವುದಾದರೆ ಸುತ್ತಲೂ, ನಯವಾದ ಪೇಪರಿನಲ್ಲಿ ಮಾತ್ರ. ಯೋಕಿನ ಮುಂದಿನ ಅಂಚಿನ ಮುಳ್ಳುಗಳನ್ನೂ ತೆಗೆಯಿರಿ, ಒಳಹೋಗುವಾಗ ತುಟಿಯನ್ನು ಕೊಯ್ಯುವುದು ಅವೇ.

ಸೀಲನ್ನು ಹಳೆಯದರ ಮೇಲಿನ ಅಳತೆ ನೋಡಿ ಬೇರಿಂಗ್ ಅಂಗಡಿಯಲ್ಲಿ ತನ್ನಿ. ಹೆಸರಿಲ್ಲದ ಕಂಪನಿಯ ಅಗ್ಗದ ಸೀಲ್ ಒಮ್ಮೆ ತಂದಿದ್ದೆ. ಸ್ಪ್ರಿಂಗ್ ಕೈಯಲ್ಲೇ ಉದುರಿತು. ಲೀಕ್ ನಿಲ್ಲಿಸುತ್ತದೆ ಅಂತ ಮಾರುವ ಡಬ್ಬಿಯೂ ಸುಮ್ನೆ ಖರ್ಚು. ಅದು ರಬ್ಬರನ್ನು ಸ್ವಲ್ಪ ದಿನ ಉಬ್ಬಿಸುತ್ತದೆ, ಗೀರಿಗೆ ಏನೂ ಮಾಡುವುದಿಲ್ಲ. ಹೊರಗಿನಿಂದ ಸಿಲಿಕೋನ್ ಮೆತ್ತುವವರ ಬಗ್ಗೆ ಏನು ಹೇಳಲಿ!

ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ, ಅಂದರೆ ಒಳಗೆ. ಸ್ಪ್ರಿಂಗಿನ ಸುತ್ತ ಗ್ರೀಸ್ ತುಂಬಿ, ಹೊಡೆಯುವಾಗ ಅದು ಹಾರುವುದಿಲ್ಲ. ಸೀಲಿನಷ್ಟೇ ಅಗಲದ ಹಳೆ ಬೇರಿಂಗ್ ರೇಸ್ ಇಟ್ಟು, ಮೇಲೆ ಮರದ ತುಂಡು ಇಟ್ಟು, ಮೆಲ್ಲಗೆ ತಟ್ಟಿ. ಒಂದೇ ಮೂಲೆಗೆ ಹೊಡೆದರೆ ಸೀಲ್ ಓರೆಯಾಗುತ್ತದೆ. ಆಗ ಅದನ್ನು ಸರಿಮಾಡಲು ಹೋಗಬೇಡಿ, ಇನ್ನೊಂದು ತನ್ನಿ. ಅದಕ್ಕೇ ನಾನು ಯಾವಾಗಲೂ ಎರಡು ತರುವುದು.

ಯೋಕ್ ಹಾಕುವಾಗ ತುಟಿಗೆ ಆಯಿಲ್ ಸವರಿ, ನಟ್ಟಿನ ವಾಷರಿನ ಅಡಿಗೆ ಗ್ಯಾಸ್ಕೆಟ್ ಪೇಸ್ಟ್ ಹಚ್ಚಿ. ಇಲ್ಲದಿದ್ದರೆ ಆಯಿಲ್ ಯೋಕ್ ಕೂರುವ ಶಾಫ್ಟಿನ ಹಲ್ಲುಗಳ (ಸ್ಪ್ಲೈನ್) ನಡುವಿನಿಂದ ನುಸುಳುತ್ತದೆ, ಬೈಗುಳ ಹೊಸ ಸೀಲಿಗೆ. ಸ್ಪ್ಲಿಟ್ ಪಿನ್ ತೂತು ಹೊಂದದಿದ್ದರೆ ನಟ್ ಸಡಿಲಿಸಬೇಡಿ, ಇನ್ನೂ ಬಿಗಿ ಮಾಡಿ ಹೊಂದಿಸಿ. ಪಿನ್ ಹೊಸದೇ ಇರಲಿ.

ಆಯಿಲ್ ಕುಡಿದ ಬ್ರೇಕ್ ಶೂ ಲೈನರನ್ನು ಸುಟ್ಟು ಒಣಗಿಸುವ ಉಪಾಯ ಬೇಡ, ಹೊಸದು ಹಾಕಿಸಿ. ಶಾಫ್ಟ್ ಜೋಡಿಸಿ, ಗುರುತಿಗೆ ಗುರುತು ಸೇರಿಸಿ. ಜಿಎಲ್-4 ದರ್ಜೆಯ 90 ನಂಬರಿನ ಗೇರ್ ಆಯಿಲನ್ನು ಕೇಸಿನ ಫಿಲ್ಲರ್ ತೂತಿನ ಅಂಚಿನವರೆಗೆ ತುಂಬಿ. ಗೇರ್ ಬಾಕ್ಸಿನ ಮಟ್ಟವನ್ನೂ ಬೇರೆಯಾಗಿ ನೋಡಿ.

ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ರಾತ್ರಿ ಗಾಡಿಯ ಕೆಳಗೆ ಹಳೆ ಪೇಪರ್ ಹಾಸಿಡಿ. ಡ್ರಮ್ಮಿನ ನೇರಕ್ಕೆ ಕಲೆಯಿಲ್ಲದೆ ಅದಕ್ಕಿಂತ ಮುಂದೆ ಕಂಡರೆ, ಮುಂದಿನ ಚಕ್ರಗಳ ಕಡೆಗೆ ಹೋಗುವ ಶಾಫ್ಟಿನ ಸೀಲನ್ನೂ (ಮುಂದಿನ ಔಟ್‌ಪುಟ್ ಸೀಲ್) ನೋಡಿ. ಅಲ್ಲಿ ಡ್ರಮ್ ಇಲ್ಲ, ಅರ್ಧ ಹೊತ್ತಿನ ಕೆಲಸ.