ಕಮರ್ಷಿಯಲ್ ಪೈಲಟ್ ಲೈಸೆನ್ಸ್: ಯಾವುದು ಮೊದಲು, ಯಾವುದು ಆಮೇಲೆ

ಪೈಲಟ್ ತರಬೇತಿಯಲ್ಲಿ ದುಡ್ಡು ಪೋಲಾಗುವುದು ಬಹುಮಟ್ಟಿಗೆ ಕೆಲಸಗಳನ್ನು ಹಿಂದುಮುಂದಾಗಿ ಮಾಡುವುದರಿಂದ. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ (ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಪರವಾನಗಿ) ಸಾಮಾನ್ಯವಾಗಿ 40 ಲಕ್ಷ ರೂಪಾಯಿಗೂ ಮೇಲೆ ಖರ್ಚು ಬರುತ್ತದೆ. ಮೊದಲ ಕಂತು ಕಟ್ಟುವ ಮುಂಚೆಯೇ ಮೆಡಿಕಲ್ ಮತ್ತು ದಾಖಲೆಗಳ ಕೆಲಸ ಮುಗಿಸಿಕೊಳ್ಳಿ.

ಮೊದಲು ಡಿಜಿಸಿಎ (ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ) ಮಾನ್ಯತೆ ಪಡೆದ ವೈದ್ಯರಲ್ಲಿ ಪ್ರಾಥಮಿಕ ಹಂತದ ಕ್ಲಾಸ್ 2 ಮೆಡಿಕಲ್, ಆಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ, ಇನ್ನೂ ಕಟ್ಟುನಿಟ್ಟಾದ ಕ್ಲಾಸ್ 1. ಬೆಂಗಳೂರಿನವರಿಗೆ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಊರಲ್ಲೇ ಇದೆ. ಕನ್ನಡಕ ಇದ್ದ ಮಾತ್ರಕ್ಕೆ ಅನರ್ಹರಾಗುವುದಿಲ್ಲ. ಬಣ್ಣ ಗುರುತಿಸುವ ತೊಂದರೆ ಇದ್ದರೆ ಮಾತ್ರ ದಾರಿ ಕಠಿಣ; ಅದನ್ನು ಮೊದಲೇ ಕಣ್ಣಿನ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ. ಅತಿತೂಕ, ರಕ್ತದೊತ್ತಡದಂಥ ಕಾರಣಕ್ಕೆ 'ತಾತ್ಕಾಲಿಕ ಅನರ್ಹ' ಎಂದು ಬರೆದರೆ ಮರುಪರೀಕ್ಷೆಗೆ ತಿಂಗಳುಗಳು ಹೋಗುತ್ತವೆ. ಫೀಸು ಕಟ್ಟಿ ಕಾಯುವುದಕ್ಕಿಂತ ಕಟ್ಟದೆ ಕಾಯುವುದು ಮೇಲು.

ದಾಖಲೆಯಲ್ಲಿ ಕರ್ನಾಟಕದವರ ಖಾಯಂ ತಲೆನೋವೆಂದರೆ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಡಿಜಿಸಿಎ ಪರೀಕ್ಷೆಗೆ ಬೇಕಾದ ಕಂಪ್ಯೂಟರ್ ನಂಬರ್ (ಅಭ್ಯರ್ಥಿಯ ನೋಂದಣಿ ಸಂಖ್ಯೆ) ಅರ್ಜಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲ ಕಡೆ ಹೆಸರು, ಜನ್ಮದಿನಾಂಕ ಅಕ್ಷರಶಃ ಒಂದೇ ಇರುವಂತೆ ಮೊದಲು ಸರಿಮಾಡಿಸಿ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇಲ್ಲದವರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಆ ಎರಡು ವಿಷಯ ಪಾಸು ಮಾಡಿಕೊಳ್ಳುತ್ತಾರೆ.

ಹಾರಾಟ ಶುರುಮಾಡುವ ಮೊದಲೇ ಥಿಯರಿ ಪೇಪರ್‌ಗಳನ್ನು ಮುಗಿಸುವುದು ಲೇಸು: ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಮೀಟಿಯರಾಲಜಿ (ಹವಾಮಾನ), ಟೆಕ್ನಿಕಲ್ ಜನರಲ್ (ವಿಮಾನಗಳ ಸಾಮಾನ್ಯ ತಾಂತ್ರಿಕ ಜ್ಞಾನ), ಟೆಕ್ನಿಕಲ್ ಸ್ಪೆಸಿಫಿಕ್ (ನೀವು ಹಾರಿಸುವ ವಿಮಾನದ ಬಗ್ಗೆ). ಪಾಸಾಗಲು ನೂರಕ್ಕೆ 70 ಬೇಕು. ನ್ಯಾವಿಗೇಷನ್‌ನಲ್ಲಿ ಲೆಕ್ಕದ ವೇಗ ಸಾಲದೆ ಬೀಳುವವರೇ ಹೆಚ್ಚು. ಆರ್‌ಟಿಆರ್ ಎಂಬ ರೇಡಿಯೋ ಪರೀಕ್ಷೆಯ (ವಿಮಾನದ ರೇಡಿಯೋದಲ್ಲಿ ಮಾತಾಡಲು ಬೇಕಾದ ಪರವಾನಗಿಗೆ) ಮೌಖಿಕ ಭಾಗಕ್ಕೆ ಓದಿದರಷ್ಟೇ ಸಾಲದು; 'ಮೇಡೇ' (ಪ್ರಾಣಾಪಾಯ), 'ಪ್ಯಾನ್ ಪ್ಯಾನ್' (ತುರ್ತು) ಸಂದೇಶಗಳನ್ನು ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡಬೇಕು.

ಶಾಲೆ ಆಯ್ಕೆ ಮಾಡುವಾಗ ಕಟ್ಟಡ, ಸಮವಸ್ತ್ರ, ಜಾಹೀರಾತು ಬದಿಗಿಡಿ. ಇಂದು ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ವಿದ್ಯಾರ್ಥಿಗಳೆಷ್ಟು, ಬೋಧಕರೆಷ್ಟು ಎಂದು ಕೇಳಿ. ಹ್ಯಾಂಗರ್‌ನಲ್ಲಿ ಬಿಡಿಭಾಗಕ್ಕೆ ಕಾಯುತ್ತ ನಿಂತ ವಿಮಾನ ಲೆಕ್ಕಕ್ಕಿಲ್ಲ. ಕಳೆದ ವರ್ಷ ಸೇರಿದವರಿಗೆ ತಿಂಗಳಿಗೆ ಎಷ್ಟು ಗಂಟೆ ಸಿಕ್ಕಿದೆ ಎಂಬುದನ್ನು ಅವರ ಲಾಗ್‌ಬುಕ್ಕಿನಲ್ಲೇ ನೋಡಿ. ನಮ್ಮಲ್ಲಿ ಜಕ್ಕೂರು, ಕಲಬುರಗಿ, ಬೆಳಗಾವಿಗಳಲ್ಲಿ ತರಬೇತಿ ನಡೆದಿದೆ. ಎಲ್ಲಿಗೇ ಹೋದರೂ ಕೇಳಬೇಕಾದ ಪ್ರಶ್ನೆ ಇದೇ. ಮಳೆಗಾಲದಲ್ಲಿ ಹಾರಾಟ ಕುಂಟುತ್ತದೆ, ಅದನ್ನೂ ಲೆಕ್ಕ ಹಾಕಿ.

ಲೈಸೆನ್ಸಿಗೆ ಬೇಕಾದ್ದು 200 ಗಂಟೆ. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತವರು ಆಗಿರಬೇಕು. ಕ್ರಾಸ್ ಕಂಟ್ರಿ (ಒಂದೂರಿಂದ ಇನ್ನೊಂದೂರಿಗೆ ಹಾರಾಟ) 20 ಗಂಟೆ, ಅದರಲ್ಲೊಂದು 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ್ದು, ಎರಡು ಬೇರೆ ಏರೋಡ್ರೋಮ್‌ಗಳಲ್ಲಿ ಪೂರ್ತಿ ಇಳಿದು ನಿಂತದ್ದು. ರಾತ್ರಿ ಹಾರಾಟ 5 ಗಂಟೆ, 10 ಟೇಕಾಫ್, 10 ಲ್ಯಾಂಡಿಂಗ್.

ಮೊದಲ ಸೋಲೋ (ಬೋಧಕರಿಲ್ಲದ ಒಂಟಿ ಹಾರಾಟ) ತಡವಾಗುವುದು ಲ್ಯಾಂಡಿಂಗ್‌ನಿಂದ. ತರಬೇತಿ ವಿಮಾನ ಸೆಸ್ನಾ 172ರಲ್ಲಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಹಲಗೆಗಳು) ಇಳಿಸಿ ಸುಮಾರು 65 ನಾಟ್‌ (ಗಂಟೆಗೆ 120 ಕಿ.ಮೀ.) ವೇಗದಲ್ಲಿ ಬರಬೇಕು. ವೇಗ ಹೆಚ್ಚಿದ್ದರೆ ಮೂಗು ಎತ್ತಿದಾಗ ವಿಮಾನ ಇಳಿಯುವ ಬದಲು ತೇಲಿ ಮೇಲೇಳುತ್ತದೆ. ಹೊಸಬರು ಗಾಬರಿಯಿಂದ ಯೋಕ್ (ವಿಮಾನದ ಸ್ಟಿಯರಿಂಗ್) ಮುಂದಕ್ಕೆ ತಳ್ಳುತ್ತಾರೆ. ಮುಂದಿನ ಚಕ್ರ ಮೊದಲು ಬಡಿದು ವಿಮಾನ ಪುಟಿಯುತ್ತದೆ, ಪ್ರತಿ ಪುಟಿತವೂ ಹಿಂದಿನದಕ್ಕಿಂತ ಜೋರು. ಆಗ ತಳ್ಳಬೇಡಿ. ಪೂರ್ತಿ ಪವರ್ ಕೊಟ್ಟು ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ. ಫ್ಲೇರ್ (ನೆಲ ಮುಟ್ಟುವ ಮುನ್ನ ಮೂಗು ಎತ್ತುವುದು) ಹೊತ್ತಿಗೆ ಕಣ್ಣು ವಿಮಾನದ ಮೂಗಿನ ಕೆಳಗಿನ ನೆಲದ ಮೇಲಿದ್ದರೆ ಎತ್ತರ ತಿಳಿಯುವುದಿಲ್ಲ, ದೃಷ್ಟಿ ರನ್‌ವೇಯ ತುದಿಯಲ್ಲಿರಲಿ. ಇನ್ನು ಹಾರುವ ಮೊದಲು ಇಂಧನದ ಸ್ಯಾಂಪಲ್ ತೆಗೆಯುವುದನ್ನು ಶಾಸ್ತ್ರಕ್ಕೆ ಮಾಡಬೇಡಿ: ಈ ವಿಮಾನಗಳ ಪೆಟ್ರೋಲ್ 100ಎಲ್‌ಎಲ್ ನೀಲಿ ಬಣ್ಣದ್ದು, ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಇಡೀ ಸ್ಯಾಂಪಲ್ ಬಣ್ಣವಿಲ್ಲದೆ ತಿಳಿಯಾಗಿದ್ದರೆ ಅದು ಪೂರಾ ನೀರೇ ಇರಬಹುದು, ಎಚ್ಚರ.

ಕೊನೆಯಲ್ಲಿ ಕಾಡುವುದು ಆರು ತಿಂಗಳ ಗಡುವು. ಅರ್ಜಿಗೆ ಹಿಂದಿನ 6 ತಿಂಗಳೊಳಗೆ 15 ಗಂಟೆ ಕಮಾಂಡ್ ಹಾರಾಟ ಇರಬೇಕು. ಹಗಲು 250, ರಾತ್ರಿ 120 ನಾಟಿಕಲ್ ಮೈಲಿಯ ಪರೀಕ್ಷಾ ಹಾರಾಟಗಳಿಗೂ ಗಡುವಿದೆ. ಮಲ್ಟಿ ಎಂಜಿನ್ (ಒಂದಕ್ಕಿಂತ ಹೆಚ್ಚು ಎಂಜಿನ್ನಿನ) ವಿಮಾನಕ್ಕೋ ಪರೀಕ್ಷಕರಿಗೋ ಕಾಯುತ್ತ ಕೂತರೆ ಮೊದಲು ಮುಗಿಸಿದ ಪರೀಕ್ಷೆ ಹಳತಾಗಿ, ಮತ್ತೆ ದುಡ್ಡು ಕೊಟ್ಟು ಹಾರಬೇಕಾಗುತ್ತದೆ. ಹಾಗಾಗಿ ಪರೀಕ್ಷಾ ಹಾರಾಟಗಳನ್ನೆಲ್ಲ ಕೊನೆಯಲ್ಲಿ ಒಟ್ಟಿಗೆ ಇಟ್ಟುಕೊಳ್ಳಿ. ಲಾಗ್‌ಬುಕ್ಕನ್ನು ಅಂದಂದೇ ಬರೆದು, ಪ್ರತಿ ಪುಟದ ಮೊತ್ತ ಕೂಡಿ, ಬೋಧಕರ ಸಹಿ ಹಾಕಿಸಿ. ವಿಮಾನದ ದಾಖಲೆಯಲ್ಲಿರುವ ಸಮಯಕ್ಕೂ ನಿಮ್ಮ ಪುಸ್ತಕಕ್ಕೂ ಹತ್ತು ನಿಮಿಷ ವ್ಯತ್ಯಾಸ ಬಂದರೂ ಫೈಲು ವಾಪಸ್ ಬರಬಹುದು.